ಹೊಲಿಗೆಗೆ ಬೇಕಾದ ಅರ್ಧ ಸಾಮಾನು ಮನೆಯಲ್ಲೇ ಇದೆ

ಹೊಲಿಗೆ ಕಲಿಯಬೇಕು ಅಂತ ಹೊರಟವರು ಮೊದಲು ಹಿಂಜರಿಯುವುದು ಸಾಮಾನಿನ ಪಟ್ಟಿ ನೋಡಿ. ಗುರುತು ಹಾಕಲು ಚಾಕ್, ಬಟ್ಟೆ ಹಿಡಿಯಲು ಕ್ಲಿಪ್ಪು, ಮೂಲೆ ತಿರುಗಿಸಲು ಕಡ್ಡಿ, ಇಸ್ತ್ರಿಗೆ ಒಂದು ದಿಂಬು, ತೋಳಿಗೆ ಇನ್ನೊಂದು ದಿಂಬು. ಪಟ್ಟಿ ಮುಗಿಯುವುದೇ ಇಲ್ಲ. ಇದೆಲ್ಲ ಇಲ್ಲದೆ ಶುರು ಮಾಡುವ ಹಾಗಿಲ್ಲ ಅಂದುಕೊಂಡು ಎಷ್ಟೋ ಜನ ಮೆಷಿನ್ನಿಗೆ ಮುಸುಕು ಹಾಕಿ ಸುಮ್ಮನಾಗಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರುವ ವಿಷಯ. ಯಾಕಂದ್ರೆ ಆ ಪಟ್ಟಿಯಲ್ಲಿರುವ ಅರ್ಧಕ್ಕರ್ಧ ಸಾಮಾನಿನ ಕೆಲಸವನ್ನು ಅಡುಗೆಮನೆ, ಬಚ್ಚಲುಮನೆ, ಓದುವ ಮೇಜಿನ ಮೇಲಿರುವ ವಸ್ತುಗಳೇ ಮಾಡುತ್ತವೆ. ಕೆಲವು ಕಡೆ ಇನ್ನೂ ಚೆನ್ನಾಗಿಯೇ ಮಾಡುತ್ತವೆ.

ಒಂದು ಸಾಧನ ಬೇಕು ಅನ್ನಿಸಿದಾಗ ಅದರ ಹೆಸರು ಮರೆತುಬಿಡಿ, ಅದು ಮಾಡುವ ಕೆಲಸ ಏನು ಅಂತ ಕೇಳಿಕೊಳ್ಳಿ. ಅಳೆಯುವುದಾ? ಗುರುತು ಹಾಕುವುದಾ? ಹಿಡಿದಿಡುವುದಾ? ತಳ್ಳುವುದಾ, ಒತ್ತುವುದಾ? ಕೆಲಸ ಗೊತ್ತಾದರೆ ವಸ್ತು ತಾನಾಗಿ ಕಣ್ಣಿಗೆ ಬೀಳುತ್ತದೆ. ಇದರ ಜೊತೆಗೆ ಒಂದೇ ಒಂದು ನಿಯಮ: ಬಟ್ಟೆಗೆ ತಾಗುವ ಯಾವುದೇ ಹೊಸ ವಸ್ತುವನ್ನು ಮೊದಲು ಅದೇ ಬಟ್ಟೆಯ ತುಂಡಿನ ಮೇಲೆ ಪ್ರಯತ್ನಿಸಿ. ಉಜ್ಜಿ, ಇಸ್ತ್ರಿ ಹಾಕಿ, ಒಗೆದು ನೋಡಿ. ಕತ್ತರಿಸುವಾಗ ಉಳಿಯುವ ಚೂರುಗಳನ್ನು ಎಸೆಯಬೇಡಿ ಅಂತ ಹೇಳುವುದು ಇದಕ್ಕೇ.

ಅಳತೆ

ಟೇಪು ಸಿಗದಿದ್ದರೆ ಹಿಗ್ಗದ ದಾರ ಸಾಕು. ಸೆಣಬಿನ ಹುರಿ, ಶೂ ಲೇಸು, ಪಾರ್ಸೆಲ್ ಕಟ್ಟಿ ಬಂದ ದಾರ ಯಾವುದಾದರೂ ಆದೀತು. ಎದೆ, ಸೊಂಟ, ತೋಳಿನ ಸುತ್ತ ದಾರ ಸುತ್ತಿ, ಸೇರಿದ ಕಡೆ ಬೆರಳಿಂದ ಹಿಡಿದು, ಸ್ಕೇಲಿನ ಪಕ್ಕ ನೇರವಾಗಿ ಇಟ್ಟು ಅಳೆಯಿರಿ. ಉಣ್ಣೆ ದಾರ ಬೇಡ, ಎಳೆದಷ್ಟು ಉದ್ದವಾಗುತ್ತದೆ.

ಸ್ಕೇಲೂ ಇಲ್ಲ ಅನ್ನಿ. ಎ4 ಹಾಳೆ ಇದ್ದೇ ಇರುತ್ತದೆ ಅಲ್ವಾ? ಅದರ ಅಗಲ 21 ಸೆಂ.ಮೀ., ಉದ್ದ 29.7 ಸೆಂ.ಮೀ. ಅಗಲವನ್ನು ಮೂರು ಸಲ ಅರ್ಧರ್ಧ ಮಡಚಿದರೆ 2.6 ಸೆಂ.ಮೀ. ಸಿಗುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಬ್ಯಾಂಕ್ ಕಾರ್ಡು ಎಲ್ಲ ಕಡೆಯೂ ಒಂದೇ ಅಳತೆ: 8.56 ಸೆಂ.ಮೀ. ಉದ್ದ, 5.4 ಸೆಂ.ಮೀ. ಅಗಲ. ಹಳೆಯ ಸಿ.ಡಿ. 12 ಸೆಂ.ಮೀ. ಅಗಲದ ವೃತ್ತ, ನಡುವಿನ ತೂತು 1.5 ಸೆಂ.ಮೀ. ಇವನ್ನು ನೆನಪಿಟ್ಟುಕೊಂಡರೆ ಎಲ್ಲಿ ಕೂತಿದ್ದರೂ ಅಂದಾಜು ತಪ್ಪುವುದಿಲ್ಲ.

ನನ್ನ ಲೆಕ್ಕದಲ್ಲಿ ಅಳತೆಯ ಸಾಮಾನುಗಳಲ್ಲಿ ಎಲ್ಲಕ್ಕಿಂತ ಉಪಯೋಗದ್ದು ಒಂದು ರಟ್ಟಿನ ಪಟ್ಟಿ. ಪ್ಯಾಂಟಿನ ಕೆಳಅಂಚು, ಪರದೆಯ ಅಂಚು ಮಡಚುವಾಗ ಇಂಚಿಂಚಿಗೂ ಅಳೆದು ಗುಂಡುಸೂಜಿ ಚುಚ್ಚುವುದು ದೊಡ್ಡ ಕಿರಿಕಿರಿ. ಅದರ ಬದಲು ಹೀಗೆ ಮಾಡಿ. ದಪ್ಪ ರಟ್ಟನ್ನು ಸುಮಾರು 20 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಉದ್ದದ ಅಂಚಿನಿಂದ 1, 2, 3, 4 ಸೆಂ.ಮೀ.ಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪೆನ್ನು ಬೇಡ, ಶಾಯಿ ಬಿಸಿಗೆ ಬಟ್ಟೆಗೆ ಹತ್ತಬಹುದು. ಬಟ್ಟೆಯ ಒಳಮೈ ಮೇಲೆ ರಟ್ಟನ್ನಿಟ್ಟು, ಅಂಚನ್ನು ಅದರ ಮೇಲೆ ಮಡಚಿ ಬೇಕಾದ ಗೆರೆಗೆ ಸರಿಯಾಗಿ ಕೂರಿಸಿ, ರಟ್ಟು ಒಳಗಿರುವಾಗಲೇ ಇಸ್ತ್ರಿ ಒತ್ತಿ. ರಟ್ಟನ್ನು ಪಕ್ಕಕ್ಕೆ ಜಾರಿಸಿ, ಮುಂದಿನದ್ದು ಒತ್ತಿ. ಮಡಿಕೆ ಉದ್ದಕ್ಕೂ ಒಂದೇ ಅಗಲ ಬರುತ್ತದೆ, ಗುಂಡುಸೂಜಿಯ ಕೆಲಸ ಕಡಿಮೆ ಆಗುತ್ತದೆ. ಆವಿ ಹಾಕಬೇಡಿ, ರಟ್ಟು ಸೊಟ್ಟಗಾಗುತ್ತದೆ. ರಟ್ಟಿನ ಜಾಗದಲ್ಲಿ ಪ್ಲಾಸ್ಟಿಕ್ ಕಾರ್ಡು ಮಾತ್ರ ಖಂಡಿತ ಬೇಡ, ಇಸ್ತ್ರಿಗೆ ಕರಗಿ ಬಟ್ಟೆಗೆ ಅಂಟುತ್ತದೆ.

ಪೇಪರ್ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಡುವ ಕಾಗದದ ನಮೂನೆ) ಸುತ್ತ ಹೊಲಿಗೆಗೆ ಮಾರ್ಜಿನ್ ಬಿಡಬೇಕಾದಾಗ ಎರಡು ಪೆನ್ಸಿಲನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ. ಮಾಮೂಲಿ ಪೆನ್ಸಿಲಿನ ದಪ್ಪ ಸುಮಾರು 7 ಮಿ.ಮೀ., ಹಾಗಾಗಿ ಎರಡು ಮೊನೆಗಳ ನಡುವೆಯೂ ಸುಮಾರು ಅಷ್ಟೇ ಅಂತರ. ನಡುವೆ ಮೂರನೆಯ ಪೆನ್ಸಿಲ್ ಸೇರಿಸಿ, ಅದನ್ನು ಸ್ವಲ್ಪ ಮೇಲಕ್ಕೆ ಎಳೆದಿಟ್ಟರೆ ಅಂತರ ಒಂದೂವರೆ ಸೆಂ.ಮೀ. ಹತ್ತಿರ ಬರುತ್ತದೆ. ಒಂದು ಮೊನೆ ಪ್ಯಾಟರ್ನಿನ ಗೆರೆ ಮೇಲೆ ಓಡಲಿ, ಇನ್ನೊಂದು ತಾನೇ ಹೊರಗೆರೆ ಬರೆಯುತ್ತದೆ. ತಿರುವಿನಲ್ಲಿ ಕೈಯನ್ನೂ ತಿರುಗಿಸುತ್ತಾ ಹೋಗಬೇಕು. ಇಲ್ಲದಿದ್ದರೆ ಪೆನ್ಸಿಲುಗಳು ಓರೆಯಾಗಿ ಮಾರ್ಜಿನ್ ಕಿರಿದಾಗುತ್ತದೆ.

ದುಂಡು ಮೂಲೆಗೆ ತಟ್ಟೆ, ಬಟ್ಟಲು, ಲೋಟದ ಬಾಯಿ ಇವೆಯಲ್ಲ. ಇದನ್ನು ವಿವರಿಸುವ ಅಗತ್ಯವಿಲ್ಲ.

ಗುರುತು ಹಾಕಲು ಸೋಪು

ಬಳಸಿ ಬಳಸಿ ಸವೆದ ಸೋಪಿನ ತೆಳು ಚೂರು ಬಚ್ಚಲಲ್ಲಿ ಬಿದ್ದಿರುತ್ತದಲ್ಲ, ಗಾಢ ಬಣ್ಣದ ಬಟ್ಟೆಗೆ ಅದಕ್ಕಿಂತ ಒಳ್ಳೆಯ ಚಾಕ್ ಇಲ್ಲ. ಗೆರೆ ಸಣ್ಣಗೆ ಬರುತ್ತದೆ, ಪುಡಿ ಉದುರುವುದಿಲ್ಲ, ಒಗೆದರೆ ಹೋಗುತ್ತದೆ. ಆದರೆ ಬಚ್ಚಲಿಂದ ನೇರ ತಂದು ಉಜ್ಜುವಂತಿಲ್ಲ.

ಮೊದಲು ಚೂರನ್ನು ಗಾಳಿಯಾಡುವ ಕಡೆ ಕೆಲವು ದಿನ ಬಿಟ್ಟು ಪೂರ್ತಿ ಒಣಗಿಸಿ. ಬೆರಳಲ್ಲಿ ಒತ್ತಿದರೆ ಉಗುರು ಇಳಿಯಬಾರದು. ಹಸಿ ಇದ್ದರೆ ಗೆರೆಯ ಬದಲು ಬಟ್ಟೆ ಮೇಲೆ ಲೇಪ ಬರುತ್ತದೆ. ಆಮೇಲೆ ಚಾಕುವಿನಿಂದ ಒಂದು ಅಂಚನ್ನು ಎರಡೂ ಕಡೆಯಿಂದ ಕೆರೆದು ಚೂಪು ಮಾಡಿ. ಬಟ್ಟೆಯ ಒಳಮೈಯಲ್ಲಿ, ಬಟ್ಟೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಹಗುರವಾಗಿ ಗೆರೆ ಎಳೆಯಿರಿ. ಒತ್ತಿ ಎಳೆದರೆ ಬಟ್ಟೆ ಸರಿದು ಗೆರೆ ವಕ್ರವಾಗುತ್ತದೆ.

ಸೋಪು ಯಾವುದಿರಬೇಕು ಅನ್ನುವುದು ಮುಖ್ಯ. ಬಿಳಿ, ಸಾದಾ, ಗಟ್ಟಿ ಸೋಪು ಒಳ್ಳೆಯದು. ಚರ್ಮ ಮೃದುವಾಗಲಿ ಅಂತ ಎಣ್ಣೆ, ಕ್ರೀಮ್ ಸೇರಿಸಿದ ಸೋಪು ಬೇಡ. ಮೇಲೆ ಇಸ್ತ್ರಿ ಬಿದ್ದರೆ ಎಣ್ಣೆ ಬಟ್ಟೆಗೆ ಇಳಿದು ಕಲೆಯಾಗಬಹುದು. ಬಣ್ಣದ ಸೋಪು ತಿಳಿ ಬಟ್ಟೆಗೆ ಬೇಡ. ರೇಷ್ಮೆಗೆ, ನೀರು ಹಾಕಬಾರದ ಬಟ್ಟೆಗೆ ಸೋಪೇ ಬೇಡ. ಅಂಥ ಬಟ್ಟೆಗೆ ಬೇರೆ ಬಣ್ಣದ ದಾರದಲ್ಲಿ ಸಡಿಲವಾಗಿ ಕಚ್ಚಾ ಹೊಲಿಗೆ ಹಾಕಿ ಗುರುತು ಮಾಡಿ, ಕೆಲಸ ಮುಗಿದ ಮೇಲೆ ಎಳೆದು ತೆಗೆಯಿರಿ. ನಿಧಾನದ ಕೆಲಸ ನಿಜ, ಆದರೆ ಅಷ್ಟು ಸುರಕ್ಷಿತ ಗುರುತು ಇನ್ನೊಂದಿಲ್ಲ.

ತಿಳಿ ಬಣ್ಣದ ಹತ್ತಿ ಬಟ್ಟೆಗೆ ಚೂಪಾದ ಪೆನ್ಸಿಲ್ ನಡೆಯುತ್ತದೆ, ಆದರೆ ಕತ್ತರಿಸಿ ಹೋಗುವ ಗೆರೆಗೆ ಅಥವಾ ಮಾರ್ಜಿನ್ ಒಳಗೆ ಮಾತ್ರ. ಬಾಲ್ ಪೆನ್ನನ್ನು ಬಟ್ಟೆಯ ಹತ್ತಿರವೂ ತರಬೇಡಿ. ಉಜ್ಜಿದರೆ ಅಳಿಯುವ ಜೆಲ್ ಪೆನ್ನನ್ನು ಈಗ ಅನೇಕರು ಬಳಸುತ್ತಾರೆ. ಅದರ ಶಾಯಿ ಸುಮಾರು 60 ಡಿಗ್ರಿ ಶಾಖಕ್ಕೆ ಮಾಯವಾಗುತ್ತದೆ, ಹಾಗಾಗಿ ಇಸ್ತ್ರಿ ತಾಗಿಸಿದರೆ ಗೆರೆ ಕಾಣುವುದಿಲ್ಲ. ಕಾಣುವುದಿಲ್ಲ ಅಷ್ಟೇ, ಶಾಯಿ ಅಲ್ಲೇ ಇರುತ್ತದೆ. ಬಟ್ಟೆ ತುಂಬ ತಣ್ಣಗಾದರೆ, ಅಂದರೆ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ ಹೋದರೆ, ಗೆರೆ ಮತ್ತೆ ಎದ್ದು ಬರುತ್ತದೆ. ಕೆಲವು ಗಾಢ ಬಟ್ಟೆಗಳ ಮೇಲೆ ಅದು ಬಿಳಿಚಿದ ಗುರುತು ಬಿಡುವುದೂ ಉಂಟು. ಹೊರಗೆ ಕಾಣುವ ಜಾಗಕ್ಕೆ ನಾನಂತೂ ಇದನ್ನು ಹೇಳುವುದಿಲ್ಲ.

ಕತ್ತರಿಸುವಾಗ

ಪ್ಯಾಟರ್ನ್ ಅಲುಗದಂತೆ ಇಡಲು ಗುಂಡುಸೂಜಿ ಚುಚ್ಚಬೇಕು ಅಂತೇನಿಲ್ಲ. ಭಾರದ ಸ್ಟೀಲ್ ಲೋಟ, ಬೀಗ, ಪೇಪರ್‌ವೇಟ್, ತೊಳೆದು ಒಣಗಿಸಿದ ನುಣುಪು ಕಲ್ಲು ಇಟ್ಟರೆ ಸಾಕು. ಜಾರುವ ತೆಳು ಬಟ್ಟೆಗೆ ಭಾರವೇ ಮೇಲು, ಚುಚ್ಚಿದಾಗ ಬಟ್ಟೆ ಅಲ್ಲಲ್ಲಿ ಎದ್ದು ಅಳತೆ ಹೆಚ್ಚುಕಡಿಮೆ ಆಗುತ್ತದೆ.

ಪ್ಯಾಟರ್ನಿಗೆ ಹಳೆಯ ಪೇಪರ್ ಬಳಸುವುದು ಎಲ್ಲರಿಗೂ ಗೊತ್ತು. ಬಿಳಿ ಬಟ್ಟೆಗೆ ಮಾತ್ರ ಬೇಡ, ಅಚ್ಚಿನ ಶಾಯಿ ಹತ್ತುತ್ತದೆ. ಅದಕ್ಕೆ ಕಂದು ಬಣ್ಣದ ಪ್ಯಾಕಿಂಗ್ ಪೇಪರನ್ನೋ, ಉಪಹಾರದ ಬುತ್ತಿಗೆ ಸುತ್ತುವ ಬೆಣ್ಣೆ ಕಾಗದವನ್ನೋ ಬಳಸಿ. ಬೆಣ್ಣೆ ಕಾಗದ ಅರೆಪಾರದರ್ಶಕ, ಕೆಳಗಿನ ಗೆರೆ ಕಾಣುವುದರಿಂದ ನಕಲು ತೆಗೆಯುವುದೂ ಸುಲಭ.

ಕಾಗದದ ಕತ್ತರಿ ಸ್ವಲ್ಪ ಮೊಂಡಾಗಿದ್ದರೆ ನಯವಾದ ಉಪ್ಪು ಕಾಗದವನ್ನು ಹತ್ತು ಹನ್ನೆರಡು ಸಲ ಕತ್ತರಿಸಿ ನೋಡಿ. ಅಲಗಿನ ಮೇಲಿನ ಸಣ್ಣ ಮುಳ್ಳುಗಳು ಹೋಗಿ ತಾತ್ಕಾಲಿಕವಾಗಿ ಚುರುಕಾಗುತ್ತದೆ. ಆಮೇಲೆ ಅಲಗನ್ನು ಒರೆಸಿ. ಪೂರ್ತಿ ಮೊಂಡಾದ ಕತ್ತರಿಗೆ ಇದು ಔಷಧವಲ್ಲ, ಸಾಣೆ ಹಿಡಿಸಲೇಬೇಕು. ಅದೇ ಉಪ್ಪು ಕಾಗದದ ಎರಡು ಚೂರನ್ನು ಸ್ಕೇಲಿನ ಅಡಿಗೆ ಅಂಟಿಸಿದರೆ ಗೆರೆ ಎಳೆಯುವಾಗ ಸ್ಕೇಲು ಜಾರುವುದಿಲ್ಲ.

ಹಿಡಿದಿಡಲು

ರೆಕ್ಸಿನ್, ಚರ್ಮ, ಮಳೆಕೋಟಿನ ಬಟ್ಟೆ ಇವಕ್ಕೆ ಗುಂಡುಸೂಜಿ ಚುಚ್ಚಿದರೆ ತೂತು ಶಾಶ್ವತ. ಇಲ್ಲಿ ಕಾಗದ ಹಿಡಿಯುವ ಕಪ್ಪು ಬೈಂಡರ್ ಕ್ಲಿಪ್, ಬಟ್ಟೆ ಒಣಹಾಕುವ ಕ್ಲಿಪ್, ತಲೆಗೆ ಹಾಕುವ ಹೇರ್‌ಪಿನ್ ಬಳಸಿ. ಜೀನ್ಸಿನಂಥ ದಪ್ಪ ಬಟ್ಟೆ ನಾಲ್ಕು ಪದರ ಸೇರಿದಾಗಲೂ ಇವೇ ಗತಿ. ಬೈಂಡರ್ ಕ್ಲಿಪ್ಪಿನ ಬಿಗಿತ ಜಾಸ್ತಿ, ನಯವಾದ ಬಟ್ಟೆ ಮೇಲೆ ಒತ್ತಿದ ಗುರುತು ಉಳಿಸುತ್ತದೆ. ನಡುವೆ ಮಡಚಿದ ಕಾಗದದ ಚೂರು ಇಟ್ಟು ಹಾಕಿ. ಹೊಲಿಯುತ್ತಾ ಹೋದಂತೆ ಕ್ಲಿಪ್ಪು ಸೂಜಿಯ ಹತ್ತಿರ ಬರುವ ಮೊದಲೇ ತೆಗೆಯಿರಿ.

ಜಿಪ್ ಕೂರಿಸಲು, ಜೇಬು ಅಂಟಿಸಿದಂತೆ ನಿಲ್ಲಿಸಲು ಮಕ್ಕಳ ಶಾಲೆಯ ಅಂಟುಕಡ್ಡಿ ಒಳ್ಳೆಯ ಸಹಾಯಕ. ನೀರಲ್ಲಿ ಕರಗುವಂಥದ್ದೇ ಇರಬೇಕು. ತೆಳುವಾಗಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹೊಲಿಯಿರಿ. ಹಸಿ ಇರುವಾಗ ಹೊಲಿದರೆ ಅಂಟು ಸೂಜಿಗೆ ಹತ್ತಿ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ.

ಗುಂಡುಸೂಜಿಗಳ ವಿಷಯ. ಕೆಟ್ಟ ಸ್ಪೀಕರಿನ ಆಯಸ್ಕಾಂತವನ್ನು ಪಿಂಗಾಣಿ ಸಾಸರಿನ ಅಡಿಗೆ ಅಂಟಿಸಿ. ದೂರದಿಂದ ಬಿಟ್ಟರೂ ಸೂಜಿಗಳು ಬಂದು ಕೂರುತ್ತವೆ, ಸಾಸರು ಮಗುಚಿದರೂ ಚೆಲ್ಲುವುದಿಲ್ಲ. ನೆಲಕ್ಕೆ ಬಿದ್ದ ಸೂಜಿ ಹುಡುಕಲು ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ನೆಲದ ಮೇಲೆ ಆಡಿಸಿ. ಚೀಲವನ್ನು ಒಳಹೊರಗೆ ಮಾಡಿ ಆಯಸ್ಕಾಂತ ಹೊರತೆಗೆದರೆ ಸೂಜಿಗಳೆಲ್ಲ ಚೀಲದೊಳಗೆ. ಹಿತ್ತಾಳೆ ಗುಂಡುಸೂಜಿ ಮಾತ್ರ ಇದಕ್ಕೆ ಸಿಗುವುದಿಲ್ಲ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಚಿಕ್ಕ, ಬಲವಾದ ಆಯಸ್ಕಾಂತ ಬೇಡವೇ ಬೇಡ, ನುಂಗಿದರೆ ಪ್ರಾಣಕ್ಕೇ ಅಪಾಯ.

ಚುಚ್ಚಿಡುವ ದಿಂಬೇ ಬೇಕು ಅಂದರೆ ಹರಿದ ಉಣ್ಣೆ ಕಾಲುಚೀಲದೊಳಗೆ ಉಣ್ಣೆಯ ಚೂರುಗಳನ್ನು ಬಿಗಿಯಾಗಿ ತುಂಬಿ ಬಾಯಿ ಹೊಲಿಯಿರಿ. ಹತ್ತಿ ತುಂಬಿದರೆ ಅದು ತೇವ ಹೀರಿ ಸೂಜಿಗೆ ತುಕ್ಕು ಬರಿಸಬಹುದು.

ದಾರ ಮತ್ತು ಸೂಜಿ

ಸೂಜಿಕಣ್ಣಿಗೆ ದಾರ ಪೋಣಿಸುವುದು ಕಷ್ಟವಾಗುತ್ತಿದ್ದರೆ ಕೆಟ್ಟುಹೋದ ಚಾರ್ಜರಿನ ವೈರು ಬಿಚ್ಚಿ. ಅದರೊಳಗೆ ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳಿರುತ್ತವೆ. ವೈರು ಯಾವುದಕ್ಕೂ ಸಿಕ್ಕಿಸಿರಬಾರದು ಅಂತ ಬೇರೆ ಹೇಳಬೇಕಿಲ್ಲ. ಒಂದು ಎಳೆಯನ್ನು ನಡುವಿಗೆ ಮಡಚಿ, ಎರಡು ತುದಿಯನ್ನು ಹೊಸೆದು ರಟ್ಟಿನ ಚೂರಿಗೆ ಟೇಪಿನಿಂದ ಅಂಟಿಸಿ. ಮಡಚಿದ ಕೊನೆ ಸೂಜಿಕಣ್ಣಲ್ಲಿ ಸಲೀಸಾಗಿ ತೂರುತ್ತದೆ. ಆ ಕುಣಿಕೆಯೊಳಗೆ ದಾರ ಹಾಕಿ ಹಿಂದಕ್ಕೆ ಎಳೆದರೆ ಆಯಿತು. ಇದೂ ಬೇಡ ಅಂದರೆ ದಾರವನ್ನು ಓರೆಯಾಗಿ ಕತ್ತರಿಸಿ, ತುದಿಯನ್ನು ಒಣ ಸೋಪಿನ ಮೇಲೆ ಒಮ್ಮೆ ಎಳೆದು, ಸೂಜಿಯ ಹಿಂದೆ ಬಿಳಿ ಕಾಗದ ಹಿಡಿದು ಪೋಣಿಸಿ. ಕಣ್ಣು ಎದ್ದು ಕಾಣುತ್ತದೆ.

ಕೈಹೊಲಿಗೆಯಲ್ಲಿ ದಾರ ಗಂಟು ಬೀಳುತ್ತಿದ್ದರೆ ಜೇನುಮೇಣದ ತುಂಡಿನ ಮೇಲೆ ಎರಡು ಸಲ ಎಳೆಯಿರಿ. ಜೇನುಮೇಣ ಇಲ್ಲದಿದ್ದರೆ ಬಿಳಿ ಮೇಣದಬತ್ತಿ. ಆಮೇಲೆ ದಾರವನ್ನು ಎರಡು ಕಾಗದದ ನಡುವೆ ಇಟ್ಟು ಇಸ್ತ್ರಿ ತಾಗಿಸಿ, ಮೇಣ ದಾರದೊಳಗೆ ಇಳಿದು ಹೆಚ್ಚಿನದ್ದು ಕಾಗದಕ್ಕೆ ಹೋಗುತ್ತದೆ. ಹೀಗೆ ಮಾಡದಿದ್ದರೆ ತೆಳು ಬಟ್ಟೆ ಮೇಲೆ ಜಿಡ್ಡಿನ ಚುಕ್ಕಿ ಏಳಬಹುದು. ಅದೇ ಮೇಣದಬತ್ತಿಯನ್ನು ಬಿಗಿಯಾದ ಜಿಪ್ಪಿನ ಹಲ್ಲಿಗೂ ಉಜ್ಜಬಹುದು.

ದಪ್ಪ ಬಟ್ಟೆಯಲ್ಲಿ ಸಿಕ್ಕಿಕೊಂಡ ಸೂಜಿ ಎಳೆಯಲು ಹಲ್ಲು ಬಳಸಬೇಡಿ. ಪಾತ್ರೆ ತೊಳೆಯುವ ಹಳೆಯ ರಬ್ಬರ್ ಗ್ಲೌಸಿನ ಬೆರಳನ್ನು ಕತ್ತರಿಸಿ ತೋರುಬೆರಳಿಗೆ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಸೂಜಿ ತಳ್ಳುವ ಬೆರಳಿಗೆ ಗಾಯದ ಪ್ಲಾಸ್ಟರನ್ನು ಎರಡು ಸುತ್ತು ಸುತ್ತಿಕೊಳ್ಳಿ.

ಮೆಷಿನ್ ಮೇಲೆ

ಹೊಸಬರ ಹೊಲಿಗೆ ಹಾವಿನಂತೆ ಹರಿಯುವುದಕ್ಕೆ ಕಾರಣ ಕಣ್ಣು ಸೂಜಿಯ ಮೇಲಿರುವುದು. ನೋಡಬೇಕಾದ್ದು ಬಟ್ಟೆಯ ಅಂಚನ್ನು. ಅದಕ್ಕೊಂದು ಗಡಿ ಬೇಕು. ಕೈಚಕ್ರ ತಿರುಗಿಸಿ ಸೂಜಿಯನ್ನು ಕೆಳಗಿಳಿಸಿ. ಸ್ಕೇಲಿನ ಸೊನ್ನೆಯನ್ನು ಸೂಜಿಗೆ ತಾಗಿಸಿ, ಬಲಕ್ಕೆ 1.5 ಸೆಂ.ಮೀ. ದೂರದಲ್ಲಿ ಮಾಸ್ಕಿಂಗ್ ಟೇಪಿನ ಪಟ್ಟಿಯನ್ನು ನೇರವಾಗಿ ಅಂಟಿಸಿ. ಬಟ್ಟೆಯ ಅಂಚು ಈ ಟೇಪನ್ನು ಸವರಿಕೊಂಡು ಹೋಗುತ್ತಿದ್ದರೆ ಹೊಲಿಗೆ ನೇರವಾಗಿ ಬರುತ್ತದೆ. ಟೇಪಿನ ಮೇಲೆ ಟೇಪು ಐದಾರು ಪದರ ಅಂಟಿಸಿದರೆ ಚಿಕ್ಕ ಗೋಡೆಯಾಗಿ ಬಟ್ಟೆ ತಾನೇ ಅಲ್ಲಿ ನಿಲ್ಲುತ್ತದೆ. ಬಟ್ಟೆ ತಳ್ಳುವ ಹಲ್ಲಿನ ಮೇಲೆ ಟೇಪು ಬರಬಾರದು, ಬಾಬಿನ್ (ಅಡಿಯ ದಾರದ ಉರುಳೆ) ಮುಚ್ಚಳಕ್ಕೂ ಅಡ್ಡ ಬರಬಾರದು.

ಮಾಸ್ಕಿಂಗ್ ಟೇಪೇ ಯಾಕೆ? 1925ರಲ್ಲಿ ರಿಚರ್ಡ್ ಡ್ರೂ ಇದನ್ನು ಮಾಡಿದ್ದು ಕಾರಿಗೆ ಬಣ್ಣ ಹೊಡೆಯುವವರಿಗಾಗಿ. ಎರಡು ಬಣ್ಣ ಸೇರುವ ಕಡೆ ಅಂಟಿಸಿ, ಕೆಲಸ ಮುಗಿದ ಮೇಲೆ ಕಿತ್ತರೆ ಕೆಳಗಿನ ಬಣ್ಣ ಏಳಬಾರದು ಅನ್ನುವುದೇ ಅದರ ಗುರಿ. ಹಾಗಾಗಿ ಮೆಷಿನ್ನಿಗೂ ಸುರಕ್ಷಿತ. ಆದರೂ ತಿಂಗಳುಗಟ್ಟಲೆ ಬಿಟ್ಟರೆ ಅಂಟು ಉಳಿಯುತ್ತದೆ, ಆಗಾಗ ಬದಲಿಸಿ.

ತೋಳು, ಪ್ಯಾಂಟಿನ ಕಾಲು ಹೊಲಿಯಲು ಮೆಷಿನ್ನಿನ ಕೈಯಂಥ ಭಾಗ ಬೇರೆಯಾಗುವ ಹಾಗಿದ್ದರೆ ಅದರ ಸುತ್ತ ಒಂದು ಅಗಲ ರಬ್ಬರ್ ಬ್ಯಾಂಡ್ ಹಾಕಿ. ಟೇಪಿನ ಬದಲು ಇದೇ ಗಡಿ, ಬೇಕಾದ ಅಳತೆಗೆ ಸರಿಸಿಕೊಳ್ಳಬಹುದು.

ದೊಡ್ಡ ದಾರದ ಕೋನ್ ಮೆಷಿನ್ನಿನ ಕಡ್ಡಿಗೆ ಕೂರದಿದ್ದರೆ ಅದನ್ನು ಮೆಷಿನ್ ಹಿಂದೆ ಒಂದು ಮಗ್ಗಿನೊಳಗೆ ನಿಲ್ಲಿಸಿ. ಮೆಷಿನ್ನಿನ ಹಿಂಭಾಗಕ್ಕೆ ಒಂದು ಸೇಫ್ಟಿ ಪಿನ್ನನ್ನು ಟೇಪಿನಿಂದ ಅಂಟಿಸಿ, ದಾರವನ್ನು ಅದರ ಉಂಗುರದ ಮೂಲಕ ತಂದರೆ ಸಿಕ್ಕಾಗದೆ ಬರುತ್ತದೆ. ತೆಳು ಬಟ್ಟೆ ಹಲ್ಲಿನೊಳಗೆ ಎಳೆದುಕೊಳ್ಳುತ್ತಿದ್ದರೆ ಅಡಿಗೆ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಸೇರಿಸಿ ಹೊಲಿಯಿರಿ, ಆಮೇಲೆ ಹರಿದು ತೆಗೆಯಿರಿ. ರೆಕ್ಸಿನ್ ಮೇಲೆ ಬಟ್ಟೆ ಒತ್ತಿ ಹಿಡಿಯುವ ಫೂಟ್ ಅಂಟಿಕೊಂಡು ಮುಂದೆ ಹೋಗುತ್ತಿಲ್ಲವೆಂದರೆ ಅದೇ ಟಿಶ್ಯೂ ಮೇಲುಗಡೆ.

ನೆರಿಗೆಗೆ ಊಟದ ಫೋರ್ಕ್ ಬಳಸಿ ನೋಡಿ. ಬಟ್ಟೆಯ ಪಟ್ಟಿಯ ಅಂಚನ್ನು ಫೋರ್ಕಿನ ಹಲ್ಲುಗಳ ನಡುವೆ ತೂರಿಸಿ ಒಂದು ಸುತ್ತು ಮಗುಚಿ, ಮಡಿಕೆಯನ್ನು ಒತ್ತಿ ಹಿಡಿದು ಫೋರ್ಕ್ ಹೊರತೆಗೆದು ಗುಂಡುಸೂಜಿ ಹಾಕಿ. ಒಂದೇ ಫೋರ್ಕ್ ಆದ್ದರಿಂದ ನೆರಿಗೆಗಳೆಲ್ಲ ಒಂದೇ ಅಗಲ.

ತೂರಿಸುವುದು, ತಿರುಗಿಸುವುದು

ಲಾಡಿ, ಎಲಾಸ್ಟಿಕ್ ತೂರಿಸಲು ಸೇಫ್ಟಿ ಪಿನ್ನು ಬಿಟ್ಟು ಬೇರೆ ಸಾಧನ ಬೇಕಿಲ್ಲ. ಈ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದ ವಾಲ್ಟರ್ ಹಂಟ್ ಅದಕ್ಕೂ ಮೊದಲೇ ಒಂದು ಹೊಲಿಗೆ ಮೆಷಿನ್ ಕೂಡ ಮಾಡಿದ್ದರು ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಎಲಾಸ್ಟಿಕ್ಕಿನ ಮುಂದಿನ ತುದಿಗೆ ಒಂದು ಪಿನ್ನು, ಹಿಂದಿನ ತುದಿಯನ್ನು ಇನ್ನೊಂದು ಪಿನ್ನಿನಿಂದ ಬಟ್ಟೆಗೆ ಸಿಕ್ಕಿಸಿ. ಎರಡನೆಯದನ್ನು ಮರೆತರೆ ಹಿಂದಿನ ತುದಿ ಒಳಗೆ ಹೋಗಿ ಮತ್ತೆ ಮೊದಲಿಂದ ಶುರು. ಪಿನ್ನಿನ ಬಾಯಿ ಹಿಂದಕ್ಕೆ, ಗುಂಡಗಿರುವ ಬದಿ ಮುಂದಕ್ಕೆ ಇರಲಿ. ಒಳಗೆ ತೆರೆದುಕೊಳ್ಳುತ್ತದೆ ಅನ್ನುವ ಭಯವಿದ್ದರೆ ಬಾಯಿಗೆ ಒಂದು ಚೂರು ಟೇಪು ಸುತ್ತಿ.

ಸಣ್ಣ ಕೊಳವೆಯಂಥ ಪಟ್ಟಿಯನ್ನು ಮಗುಚಲು ಜ್ಯೂಸ್ ಕುಡಿಯುವ ಸ್ಟ್ರಾ ಬೇಕು. ಪಟ್ಟಿಯ ಒಂದು ತುದಿಯನ್ನು ಅಡ್ಡ ಹೊಲಿದು ಮುಚ್ಚಿ. ಸ್ಟ್ರಾವನ್ನು ತೆರೆದ ಬಾಯಿಂದ ಒಳಗೆ, ಮುಚ್ಚಿದ ತುದಿಯವರೆಗೂ ತೂರಿಸಿ. ಈಗ ಹೊರಗಿನಿಂದ, ಮುಚ್ಚಿದ ತುದಿಗೆ ಮೊಂಡು ಕಡ್ಡಿಯನ್ನು ಒತ್ತಿ ಸ್ಟ್ರಾದೊಳಗೆ ತಳ್ಳುತ್ತಾ, ಇನ್ನೊಂದು ಕೈಯಿಂದ ಬಟ್ಟೆಯನ್ನು ಕಡ್ಡಿಯ ಮೇಲೆ ಜಾರಿಸುತ್ತಾ ಹೋಗಿ. ಪಟ್ಟಿ ಸ್ಟ್ರಾದ ಇನ್ನೊಂದು ಕಡೆಯಿಂದ ನೆಟ್ಟಗೆ ಹೊರಬರುತ್ತದೆ. ಕಡ್ಡಿ ಸ್ಟ್ರಾಗಿಂತ ಉದ್ದ ಇರಬೇಕು, ಬಟ್ಟೆ ಸೇರಿಸಿ ಒಳಗೆ ಹೋಗುವಷ್ಟು ಸಣ್ಣಗಿರಬೇಕು.

ಕಾಲರ್, ದಿಂಬಿನ ಚೀಲದ ಮೂಲೆ ಹೊರತೆಗೆಯಲು ಶಾಯಿ ಮುಗಿದು ರಿಫಿಲ್ ತೆಗೆದ ಪೆನ್ನು, ಪೆನ್ಸಿಲಿನ ಹಿಂಬದಿ, ಹೆಣಿಗೆಯ ಕಡ್ಡಿ ಸಾಕು. ಕತ್ತರಿಯ ಮೊನೆ ಹಾಕಿದರೆ ಮೂಲೆ ತೂತಾಗುವುದು ಖಚಿತ. ತಳ್ಳುವ ಮೊದಲು ಒಳಗಿನ ಮಾರ್ಜಿನ್ನಿನ ಮೂಲೆಯನ್ನು ಓರೆಯಾಗಿ ಕತ್ತರಿಸಿ, ದಪ್ಪ ಕಡಿಮೆಯಾಗಿ ಮೂಲೆ ಚೂಪಾಗಿ ಬರುತ್ತದೆ.

ಇಸ್ತ್ರಿ: ಲಟ್ಟಣಿಗೆಯ ಕೆಲಸ

ಮನೆಯಲ್ಲಿ ಹೊಲಿದ ಬಟ್ಟೆ ಮನೆಯಲ್ಲಿ ಹೊಲಿದದ್ದು ಅಂತ ಗೊತ್ತಾಗುವುದು ಹೆಚ್ಚಾಗಿ ಇಸ್ತ್ರಿಯ ಕೊರತೆಯಿಂದ. ಪ್ರತಿ ಹೊಲಿಗೆ ಮುಗಿದ ಕೂಡಲೇ ಅದನ್ನು ಬಿಡಿಸಿ ಒತ್ತಬೇಕು. ಸಮತಟ್ಟಾದ ಮೇಜಿನ ಮೇಲೆ ಒತ್ತಿದರೆ ಇನ್ನೊಂದು ತೊಂದರೆ: ಒಳಗಿನ ಮಾರ್ಜಿನ್ನಿನ ಅಂಚುಗಳು ಹೊರಮೈಯಲ್ಲಿ ಎರಡು ಗೆರೆಗಳಾಗಿ ಮೂಡುತ್ತವೆ.

ಇದಕ್ಕೆ ಮರದ ಲಟ್ಟಣಿಗೆ. ಅದಕ್ಕೆ ಬಣ್ಣ ಬಿಡದ ಹತ್ತಿ ಬಟ್ಟೆಯನ್ನು ಎರಡು ಮೂರು ಪದರ ಬಿಗಿಯಾಗಿ ಸುತ್ತಿ, ಕೊನೆಯನ್ನು ಹೊಲಿದುಬಿಡಿ. ಹೊಲಿಗೆಯನ್ನು ಇದರ ಉಬ್ಬಿನ ಮೇಲೆ ಒಳಮೈ ಮೇಲಾಗಿ ಇಟ್ಟು, ಮಾರ್ಜಿನ್ನನ್ನು ಬೆರಳಿಂದ ಎರಡೂ ಕಡೆಗೆ ಬಿಡಿಸಿ, ಇಸ್ತ್ರಿಯ ಮೊನೆಯಿಂದ ಒತ್ತಿ. ಉಬ್ಬಿನ ತುದಿಯಲ್ಲಿರುವ ಹೊಲಿಗೆಗೆ ಮಾತ್ರ ಶಾಖ ತಾಗುತ್ತದೆ, ಮಾರ್ಜಿನ್ನಿನ ಅಂಚುಗಳು ಕೆಳಕ್ಕೆ ಇಳಿದಿರುವುದರಿಂದ ಅವುಗಳ ಗುರುತು ಮೂಡುವುದಿಲ್ಲ. ತೋಳಿನೊಳಗೂ ಲಟ್ಟಣಿಗೆ ತೂರುತ್ತದೆ. ಅಡುಗೆಗೆ ಬಳಸುವ, ಎಣ್ಣೆ ಹತ್ತಿದ ಲಟ್ಟಣಿಗೆ ಬೇಡ. ಬಿಸಿಗೆ ಎಣ್ಣೆ ಬಟ್ಟೆಗೆ ಬರುತ್ತದೆ. ಪ್ಲಾಸ್ಟಿಕ್ಕಿನದ್ದೂ ಬೇಡ.

ಎದೆಯ ಭಾಗ, ತೋಳು ಸೇರುವ ಜಾಗ ಇಂಥ ಉಬ್ಬುತಗ್ಗಿಗೆ ಟವೆಲ್ಲನ್ನು ಸಾಧ್ಯವಾದಷ್ಟು ಗಟ್ಟಿಯಾಗಿ ಸುತ್ತಿ, ದಾರ ಕಟ್ಟಿ, ಮೇಲೆ ಹತ್ತಿ ಬಟ್ಟೆ ಹೊದಿಸಿ. ಸಡಿಲವಾಗಿದ್ದರೆ ಇಸ್ತ್ರಿ ಒತ್ತಿದಾಗ ಕುಸಿಯುತ್ತದೆ. ದಪ್ಪ ಬಟ್ಟೆಯ ಹೊಲಿಗೆ ಚಪ್ಪಟೆಯಾಗದಿದ್ದರೆ ಆವಿ ಕೊಟ್ಟು, ಇಸ್ತ್ರಿ ತೆಗೆದ ತಕ್ಷಣ ಬಣ್ಣ, ವಾರ್ನಿಷ್ ಇಲ್ಲದ ನುಣುಪಾದ ಮರದ ತುಂಡನ್ನು ಒತ್ತಿ ಹಿಡಿಯಿರಿ. ಮರ ಆವಿ ಹೀರುತ್ತದೆ, ಬಿಸಿಯನ್ನು ಅಲ್ಲೇ ತಡೆದಿಡುತ್ತದೆ. ತಣ್ಣಗಾಗುವವರೆಗೂ ಎತ್ತಬೇಡಿ.

ಪಾಲಿಸ್ಟರ್, ನೈಲಾನ್, ಗಾಢ ಬಣ್ಣದ ಬಟ್ಟೆ ಯಾವುದಕ್ಕೂ ನೇರ ಇಸ್ತ್ರಿ ಬೇಡ. ನಡುವೆ ತೆಳು ಹತ್ತಿ ಕರವಸ್ತ್ರ ಇರಲಿ, ಹೊಳಪು ಮೂಡುವುದಿಲ್ಲ.

ಗುಂಡಿ

ಗುಂಡಿಯನ್ನು ಬಟ್ಟೆಗೆ ಅಂಟಿಸಿದಂತೆ ಬಿಗಿಯಾಗಿ ಹೊಲಿದರೆ ಕಾಜಾದೊಳಗೆ ಹಾಕಿದಾಗ ಬಟ್ಟೆ ಸುಕ್ಕಾಗುತ್ತದೆ, ದಾರವೂ ಬೇಗ ಕಡಿಯುತ್ತದೆ. ಗುಂಡಿಯ ಅಡಿಯಲ್ಲಿ ಕಾಜಾ ಪಟ್ಟಿ ಕೂರುವಷ್ಟು ಜಾಗ ಬೇಕು. ಆ ಜಾಗ ಕೊಡುವುದು ಒಂದು ಬೆಂಕಿಕಡ್ಡಿ. ಮದ್ದಿನ ತಲೆ ಮುರಿದುಹಾಕಿ, ಬಣ್ಣ ಹತ್ತೀತು.

ಜೋಡಿ ದಾರಕ್ಕೆ ಗಂಟು ಹಾಕಿ, ಗುಂಡಿ ಬರುವ ಜಾಗದಲ್ಲಿ ಮೊದಲು ಎರಡು ಪುಟ್ಟ ಹೊಲಿಗೆ ಹಾಕಿ ಗಟ್ಟಿ ಮಾಡಿ. ಗುಂಡಿ ಇಟ್ಟು ಒಂದು ತೂತಿನಿಂದ ಸೂಜಿ ಮೇಲೆ ತನ್ನಿ. ಕಡ್ಡಿಯನ್ನು ಗುಂಡಿಯ ಮೇಲೆ, ತೂತುಗಳ ನಡುವೆ ಅಡ್ಡ ಇಟ್ಟು, ದಾರ ಕಡ್ಡಿಯ ಮೇಲಿಂದ ದಾಟಿ ಇನ್ನೊಂದು ತೂತಿಗೆ ಇಳಿಯಲಿ. ಪ್ರತಿ ಜೋಡಿ ತೂತಿಗೂ ಮೂರು ಸಲ ಸಾಕು. ಕೊನೆಗೆ ಸೂಜಿಯನ್ನು ಗುಂಡಿಗೂ ಬಟ್ಟೆಗೂ ನಡುವೆ ಹೊರತೆಗೆಯಿರಿ. ಕಡ್ಡಿ ಎಳೆದುಬಿಡಿ. ಗುಂಡಿಯನ್ನು ಮೇಲಕ್ಕೆ ಎತ್ತಿದರೆ ಸಡಿಲವೆಲ್ಲ ಕೆಳಕ್ಕೆ ಬರುತ್ತದೆ. ಆ ದಾರಗಳ ಸುತ್ತ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ, ಸೂಜಿಯನ್ನು ಹಿಂಬದಿಗೆ ಹಾಕಿ ಗಂಟು ಹಾಕಿ. ಕೋಟಿನ ಗುಂಡಿಗೆ ಎರಡು ಕಡ್ಡಿ ಸೇರಿಸಿ ಇಡಿ, ಹಿಂಬದಿಗೆ ಒಂದು ಚಿಕ್ಕ ಚಪ್ಪಟೆ ಗುಂಡಿ ಸೇರಿಸಿ ಹೊಲಿದರೆ ಬಟ್ಟೆ ಹರಿಯುವುದಿಲ್ಲ.

ಗಂಟಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಚ್ಚಿದರೆ ಬಿಚ್ಚುವುದಿಲ್ಲ. ಅಸಿಟೇಟ್ ಲೈನಿಂಗ್ ಬಟ್ಟೆಗೆ ಮಾತ್ರ ಹಚ್ಚಬೇಡಿ, ಪಾಲಿಶಿನ ದ್ರಾವಕ ಆ ಬಟ್ಟೆಯನ್ನೇ ಕರಗಿಸುತ್ತದೆ. ಹಸಿ ಪಾಲಿಶಿನ ಹತ್ತಿರ ಬಿಸಿ ಇಸ್ತ್ರಿಯನ್ನೂ ತರಬೇಡಿ, ಬೇಗ ಬೆಂಕಿ ಹತ್ತುವ ವಸ್ತು ಅದು.

ಬಿಚ್ಚುವುದು, ಮತ್ತು ಬದಲಿ ಇಲ್ಲದ ಎರಡು ಸಾಮಾನು

ತಪ್ಪು ಹೊಲಿಗೆ ಬಿಚ್ಚಲು ಬ್ಲೇಡಿಗಿಂತ ಉಗುರು ಕತ್ತರಿಸುವ ಮೊನೆಯ ಕತ್ತರಿ ಸುರಕ್ಷಿತ. ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೆ ಒಂದರಂತೆ ದಾರ ಕತ್ತರಿಸುತ್ತಾ ಹೋಗಿ. ಇನ್ನೊಂದು ಬದಿಯ ದಾರ ಹಿಡಿದೆಳೆದರೆ ಉದ್ದಕ್ಕೆ ಬಂದುಬಿಡುತ್ತದೆ. ಉಳಿದ ಚೂರುಗಳನ್ನು ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜಿ, ಇಲ್ಲವೇ ಅಂಟು ಟೇಪು ಒತ್ತಿ ತೆಗೆಯಿರಿ. ಹಟಮಾರಿ ಚೂರಿಗೆ ಹುಬ್ಬಿನ ಚಿಮಟ.

ಇಷ್ಟೆಲ್ಲ ಬದಲಿ ಹೇಳಿದ ಮೇಲೆ ಇದನ್ನೂ ಹೇಳಬೇಕು. ಬಟ್ಟೆಯ ಕತ್ತರಿಗೂ ಸೂಜಿಗೂ ಬದಲಿ ಹುಡುಕಬೇಡಿ. ಕಾಗದ ಕತ್ತರಿಸಿದ ಕತ್ತರಿ ಬಟ್ಟೆಯನ್ನು ಅಗಿಯುತ್ತದೆ. ಬಟ್ಟೆಗೆ ಬೇರೆಯೇ ಕತ್ತರಿ ಇಟ್ಟು, ಹಿಡಿಗೆ ಒಂದು ರಿಬ್ಬನ್ ಕಟ್ಟಿ, ಮನೆಯವರಿಗೆಲ್ಲ ಗೊತ್ತಾಗಲಿ. ಮೆಷಿನ್ ಸೂಜಿಯನ್ನು ಸುಮಾರು 8 ಗಂಟೆ ಹೊಲಿದ ಮೇಲೆ ಬದಲಿಸಿ, ಬಟ್ಟೆಗೆ ಟಕ್ ಟಕ್ ಅಂತ ಬಡಿಯುವ ಸದ್ದು ಕೇಳಿಸಿದರೆ ಅದಕ್ಕೂ ಮೊದಲೇ. ಬಿಟ್ಟು ಬಿಟ್ಟು ಬೀಳುವ ಹೊಲಿಗೆ, ಜಗ್ಗಿದ ಎಳೆ ಇವಕ್ಕೆಲ್ಲ ಮೊದಲು ಅನುಮಾನಿಸಬೇಕಾದ್ದು ಹಳೆಯ ಸೂಜಿಯನ್ನೇ. ತೆಗೆದ ಸೂಜಿ, ಮುರಿದ ಗುಂಡುಸೂಜಿಗಳನ್ನು ಕಸದ ಬುಟ್ಟಿಗೆ ಸುಮ್ನೆ ಎಸೆಯಬೇಡಿ, ಕಸ ತೆಗೆಯುವವರ ಕೈಗೆ ಚುಚ್ಚುತ್ತದೆ. ಖಾಲಿ ಮಾತ್ರೆ ಡಬ್ಬಿಯಲ್ಲಿ ಕೂಡಿಡುತ್ತಾ ಹೋಗಿ, ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ, ಒಳಗೆ ಸೂಜಿ ಇದೆ ಅಂತ ಮೇಲೆ ಬರೆದು ಹಾಕಿ.